ವಿಳಾಸ ತಿಳಿಯದ ಅಲಾರಂ ಗಡಿಯಾರದ ಸನ್ನಿಧಾನಕ್ಕೆ

ಕಾಲವನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಕಾಣದಂತೆ ಕೂತಿರುವ, ಅಂಗೈಯಗಲದ ದೇಹದಲ್ಲಿ ಆಕಾಶದಗಲದ ಗಂಟಲುಳ್ಳ, ನಿದ್ರಾಭಂಗ ಇಲಾಖೆಯ ಮಹಾಮಹಿಮ ಅಲಾರಂ ಗಡಿಯಾರದವರೇ, ಮಾನ್ಯರೇ,

ಗಡಿಯಾರ ರಿಪೇರಿ ಅಂಗಡಿಯ ಕೌಂಟರಿನಲ್ಲಿ ಕೂರುವ ಈ ಬಡಪಾಯಿಯ ಅನಂತ ವಂದನೆಗಳು. ದೂರನ್ನು ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸುವುದೇ ಮರ್ಯಾದೆಯೆಂದು ಬಲ್ಲೆ. ಆದರೆ ತಾವು ಯಾವ ಕಪಾಟಿನ ಯಾವ ಮೂಲೆಯಲ್ಲಿ ಬಿಜಯಂಗೈದಿದ್ದೀರಿ ಎಂಬುದು ತಿಳಿಯದ ಕಾರಣ, ಅಂಗಡಿಯ ನಾಲ್ಕೂ ಗೋಡೆಗಳನ್ನು ಸಾಕ್ಷಿಯಾಗಿಸಿ ಬಹಿರಂಗವಾಗಿಯೇ ಬರೆಯಬೇಕಾಗಿ ಬಂದಿದೆ.

ಮೊದಲಿಗೆ ನನ್ನ ಕಿವಿಗಳ ಆಡಳಿತ ವ್ಯವಸ್ಥೆಯನ್ನು ತಮ್ಮ ಅವಗಾಹನೆಗೆ ತರುತ್ತೇನೆ. ಬಲಗಡೆ ಕಾಕ್ಲಿಯರ್ ಇಂಪ್ಲಾಂಟ್: ತಲೆಯ ಹೊರಗೆ ಅಯಸ್ಕಾಂತದಿಂದ ಅಂಟಿಕೊಂಡ ಒಂದು ಬಿಲ್ಲೆ, ಒಳಗೆ ನರಕ್ಕೇ ನೇರವಾಗಿ ಸುದ್ದಿ ಮುಟ್ಟಿಸುವ ತಂತಿ. ಎಡಗಡೆ ಮಾಮೂಲಿ ಶ್ರವಣ ಸಾಧನ. ಅದು ಬಂದ ಸದ್ದನ್ನೇ ದೊಡ್ಡದು ಮಾಡಿ ಒಳಗೆ ತಳ್ಳಿ ಕೈ ತೊಳೆದುಕೊಳ್ಳುತ್ತದೆ. ಇಬ್ಬರೂ ದಕ್ಷರೇ, ಆದರೆ ಬೇರೆ ಬೇರೆ ಇಲಾಖೆಯವರು. ಒಬ್ಬರ ಕಡತ ಮೊದಲು ಬಂದರೆ ಇನ್ನೊಬ್ಬರದು ಆಮೇಲೆ, ಒಬ್ಬರದು ಜೋರಾದರೆ ಇನ್ನೊಬ್ಬರದು ಮೆಲು. ಸದ್ದು ಯಾವ ಕಡೆಯದೆಂದು ತಿಳಿಯಬೇಕಾದರೆ ಎರಡೂ ಕಿವಿಗಳ ವರದಿಯನ್ನು ತಾಳೆ ನೋಡಬೇಕಂತೆ. ಇವರಿಬ್ಬರಿಗೋ ಎಣ್ಣೆ ಸೀಗೆಕಾಯಿ ಸಂಬಂಧ. ಹೀಗಾಗಿ ಜೋರಿನವರ ಮಾತೇ ನಡೆಯುತ್ತದೆ. ಹಾರ್ನ್ ಬಲಕ್ಕೆ, ನಾಯಿ ಬಲಕ್ಕೆ, ಎಡಕ್ಕೆ ಕೂತು ಕರೆಯುವ ಮಾವನೂ ಬಲಕ್ಕೆ. ನನ್ನ ಲೋಕದಲ್ಲಿ ಎಡಭಾಗವೆಂಬುದು ಜನವಸತಿಯಿಲ್ಲದ ಪ್ರದೇಶ.

ಅಂಗಡಿ ಈ ಮಾವನದೇ, ನನ್ನ ಸೋದರಮಾವನದು. ಮಧ್ಯಾಹ್ನ ಅವರು ಊಟಕ್ಕೆ ಮನೆಗೆ ಹೋದಾಗ ಅಂಗಡಿಯನ್ನು ನಾನೊಬ್ಬಳೇ ನೋಡಿಕೊಳ್ಳಬೇಕೆಂಬುದು ನನ್ನ ಬಹುದಿನದ ಅರ್ಜಿ. ಮುಳ್ಳು ಕೂರಿಸಬಲ್ಲೆ, ಗಾಜು ಬದಲಿಸಬಲ್ಲೆ, ಚೌಕಾಸಿಗಿಳಿದವರನ್ನು ನಗಿಸಿಯೇ ಸಾಗಹಾಕಬಲ್ಲೆ. ಅರ್ಜಿ ಇನ್ನೇನು ಮಂಜೂರಾಗಬೇಕು, ಮಾವ ಚಪ್ಪಲಿ ಮೆಟ್ಟಿದ್ದರು, ಆಗ ತಾವು ಪೀಂ ಪೀಂ ಎಂದಿರಿ. ನಾನು ಎಂದಿನಂತೆ ಬಲಕ್ಕೆ ತಿರುಗಿ ಒಂದು ಬೋಳು ಗೋಡೆಯನ್ನು ಬಹಳ ಗೌರವದಿಂದ ನೋಡಿದೆ. "ಸದ್ದು ಎಲ್ಲಿಂದ ಬಂತು ಅಂತಾನೇ ಗೊತ್ತಾಗ್ದಿದ್ರೆ ಒಬ್ಬಳನ್ನೇ ಹೇಗೆ ಬಿಟ್ಟು ಹೋಗ್ಲಿ, ಪುಟ್ಟೀ? ಹಿಂದಿನಿಂದ ಯಾರಾದ್ರೂ ಬಂದ್ರೆ?" ಎಂದು ಮಾವ ಚಪ್ಪಲಿ ಬಿಟ್ಟು ಮತ್ತೆ ಕೂತರು. ಪಕ್ಕದಂಗಡಿಯ ದರ್ಜಿಯವರು "ಅಯ್ಯೋ ಪಾಪ" ಎಂದರು. ಮಾನ್ಯರೇ, ಈ 'ಅಯ್ಯೋ ಪಾಪ' ಒಂದು ಮಾತ್ರ ಯಾವ ದಿಕ್ಕಿನಿಂದ ಬಂದರೂ ನನಗೆ ಕರಾರುವಾಕ್ಕಾಗಿ ತಿಳಿಯುತ್ತದೆ.

ಮರುದಿನ ತಾವು ಕೂಗಿದಾಗ ಅಂಗಡಿಯಲ್ಲಿ ಎರಡೂ ಕಿವಿ ನೆಟ್ಟಗಿರುವ ಸಭಿಕರು ನೆರೆದಿದ್ದರು. ದರ್ಜಿಯವರು ಅಟ್ಟದ ಕಡೆ ಬೆರಳು ತೋರಿದರು. ಕೈಗಡಿಯಾರದ ಪಟ್ಟಿ ಬದಲಿಸಲು ಬಂದಿದ್ದ ನಿವೃತ್ತ ಮೇಷ್ಟ್ರು "ಬಾಗಿಲ ಹತ್ರ ಕಣ್ರೀ, ಅಷ್ಟೂ ತಿಳಿಯಲ್ವಾ?" ಎಂದು ಗದರಿದರು. ಮಾವ "ಸುಮ್ನಿರಿ ಮೇಷ್ಟ್ರೇ, ನನ್ನ ಅಂಗಡಿ ನನಗೆ ಗೊತ್ತಿಲ್ವಾ!" ಎಂದು ಸ್ಟೂಲು ಹತ್ತಿ, ಏನೂ ಅರಿಯದ ಗೋಡೆ ಗಡಿಯಾರವೊಂದನ್ನು ಇಳಿಸಿ, "ಇವನೇ ಕಳ್ಳ" ಎಂದು ಬಿಚ್ಚಿಹಾಕಿದರು. ಮಾರನೆಯ ದಿನ ಕಳ್ಳನ ಕರುಳು ಇನ್ನೂ ಮೇಜಿನ ಮೇಲೆ ಹರಡಿಕೊಂಡಿದ್ದಾಗಲೇ ತಾವು ಮತ್ತೆ ಪೀಂ ಎಂದಿರಿ.

ಅಂದಿನಿಂದ ತಮ್ಮ ಬಗ್ಗೆ ನನಗೆ ದೂರಿಗಿಂತ ಭಕ್ತಿಯೇ ಹೆಚ್ಚಾಗಿದೆ. ಯಾವ ಕಿವಿ ವೈದ್ಯರಿಂದಲೂ ಆಗದ ಸಮಾನತೆಯನ್ನು ತಾವು ಒಂದೇ ವಾರದಲ್ಲಿ ಸಾಧಿಸಿದಿರಿ. ಅಷ್ಟೇಕೆ, ಅವರೆಲ್ಲ ದಿನಕ್ಕೊಂದು ದಿಕ್ಕಿಗೆ ತಪ್ಪಿದರೆ ನಾನು ಪ್ರತಿದಿನ ಒಂದೇ ದಿಕ್ಕಿಗೆ ತಪ್ಪಿದೆ. ನನ್ನ ತಪ್ಪಿಗಾದರೂ ಒಂದು ನಿಷ್ಠೆಯಿದೆ.

ಆದರೂ ದೂರು ದೂರೇ. ಆದ್ದರಿಂದ ಇನ್ನು ಮುಂದೆ ತಾವು ಕೂಗುವ ಮೊದಲು ಶಾಲಾಮಕ್ಕಳಂತೆ ಎದ್ದುನಿಂತು ಮುಳ್ಳೆತ್ತಬೇಕು. ಎಡಗಡೆಯಿಂದ ಕೂಗುವ ಇರಾದೆಯಿದ್ದರೆ ಹಿಂದಿನ ದಿನವೇ ಲಿಖಿತವಾಗಿ ತಿಳಿಸಬೇಕು. ಇವೆರಡೂ ಆಗದಿದ್ದಲ್ಲಿ, ಜಗತ್ತಿನ ಸಮಸ್ತ ಸದ್ದುಗಳನ್ನು ನನ್ನ ಬಲಕ್ಕೆ ಕಾಯಂ ಆಗಿ ಸ್ಥಳಾಂತರಿಸುವಂತೆ ಮೇಲಿನವರಿಗೆ ಶಿಫಾರಸು ಮಾಡಬೇಕು.

ತಾವು ಸಂತೋಷಪಡಬಹುದಾದ ಸುದ್ದಿಯೊಂದಿದೆ. ಇಂದು ಹೊಟ್ಟೆ ಚುರುಗುಟ್ಟಿದ ಮಾವ, "ನನಗೇ ಸಿಗ್ಲಿಲ್ಲ, ಇನ್ನು ನಿನ್ನನ್ನೇನು ಕೇಳೋದು! ಬಾಗಿಲ ಕಡೆ ಮುಖ ಮಾಡ್ಕೊಂಡು ಕೂತ್ಕೋ, ಸಾಕು" ಎಂದು ಕೀಲಿಗೊಂಚಲನ್ನು ನನ್ನ ಕೈಗಿಟ್ಟು ಊಟಕ್ಕೆ ನಡೆದರು. ಈ ಪತ್ರವನ್ನು ಅವರ ಕುರ್ಚಿಯಲ್ಲಿ, ಅವರ ಕನ್ನಡಕದ ಗತ್ತಿನಲ್ಲಿಯೇ ಕೂತು ಬರೆಯುತ್ತಿದ್ದೇನೆ.

ಎತ್ತ ತಿರುಗಿ ಕೈಮುಗಿಯಬೇಕೆಂದು ತಿಳಿಯದೆ ಸುತ್ತಲೂ ಮುಗಿಯುತ್ತಿರುವ,
ತಮ್ಮ ವಿಶ್ವಾಸಿ,
ಮಧ್ಯಾಹ್ನದ ಮಾಲೀಕಳು

ಕೊನೆಗೊಂದು ಮಾತು, ನಮ್ಮಿಬ್ಬರಲ್ಲೇ ಇರಲಿ: ಮೊದಲ ದಿನ ದರ್ಜಿಯವರು ಮರುಕಪಡುತ್ತಿದ್ದಾಗಲೇ ತಾವು ಅಡಗಿದ್ದ ಕೌಂಟರಿನಡಿಯ ತಗಡಿನ ಡಬ್ಬಿ ನನ್ನ ಮೊಣಕಾಲಿಗೆ ತಾಗಿ ಜುಮ್ಮೆಂದು ನಡುಗಿತ್ತು. ಕಿವಿ ಕೈಕೊಟ್ಟರೂ ಮೊಣಕಾಲು ಕೈಬಿಡಲಿಲ್ಲ. ಅಂದಿನಿಂದ ತಮ್ಮನ್ನು ಪರದೆಯ ಹಿಂದಕ್ಕೂ, ಮಾವ ಸ್ಟೂಲು ಹತ್ತಿದ ದಿನ ಅವರದೇ ಕುರ್ಚಿಯ ದಿಂಬಿನಡಿಗೂ ವರ್ಗಾವಣೆ ಮಾಡಿದ ಮೇಲಧಿಕಾರಿ ನಾನೇ. ಇಂದು ತಮ್ಮನ್ನು ನಿಯೋಜಿಸಿರುವುದು ಅವರ ಹೆಗಲಚೀಲಕ್ಕೆ. ಈ ಹೊತ್ತಿಗೆ ಅವರು ಊಟಕ್ಕೆ ಕೂತಿರಬೇಕು. ತಾವು ಕೂಗಿದಾಗ ಅತ್ತೆ ಯಾವ ಕಡೆ ಬೆರಳು ತೋರಿಸಿದರೆಂಬ ವರದಿಯನ್ನು ಸಂಜೆಯೊಳಗೆ ಸಲ್ಲಿಸತಕ್ಕದ್ದು.