ತೊಟ್ಟಿಯ ಬಾಯಿ ಮುಚ್ಚಿಸಲು ಹೋಗಿ

ನಮ್ಮ ಮಾವನವರು ನನ್ನೊಡನೆ ಮಾತು ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಕಾರಣ, ಸಗಣಿ. ಹೀಗೆ ಒಂದೇ ಪದದಲ್ಲಿ ಹೇಳಿ ಮುಗಿಸಿದರೆ ನನಗೆ ಅನ್ಯಾಯವಾಗುತ್ತದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ಕೊಟ್ಟಿಗೆಯಲ್ಲಿ ಇಪ್ಪತ್ತಾರು ಹಸುಗಳಿವೆ. ಅವು ಹಾಲು ಕೊಡುವುದು ದಿನಕ್ಕೆ ಎರಡೇ ಸಲ. ಉಳಿದದ್ದನ್ನು ಮಾತ್ರ ಹೊತ್ತುಗೊತ್ತು ನೋಡದೆ ಧಾರಾಳವಾಗಿ ದಯಪಾಲಿಸುತ್ತವೆ. ಸಗಣಿ, ಗಂಜಲ, ಕೊಟ್ಟಿಗೆ ತೊಳೆದ ನೀರು ಎಲ್ಲ ಸೇರಿ ರಾಡಿಯಾಗಿ ಚರಂಡಿಯಲ್ಲಿ ಹರಿದು ಹಿತ್ತಲಿನ ಕಾಂಕ್ರೀಟ್ ತೊಟ್ಟಿಗೆ ಬೀಳುತ್ತದೆ. ಹೊಲ ಒಣಗಿದ್ದಾಗ ಅದನ್ನು ಟ್ಯಾಂಕರಿಗೆ ತುಂಬಿ ಬೆಳೆಗೆ ಹಾಯಿಸುತ್ತೇನೆ. ಇಷ್ಟೇ ಆಗಿದ್ದರೆ ನಾನು ಸುಖಪುರುಷ. ಆದರೆ ಈ ತೊಟ್ಟಿಗೆ ಮನೆಯ ನಡುಮನೆಯಷ್ಟು ಅಗಲದ ಬಾಯಿ ಇತ್ತು, ಮುಚ್ಚಳ ಇರಲಿಲ್ಲ. ಹಸುಗಳು ನಾಲ್ಕು ತಿಂಗಳು ಕಷ್ಟಪಟ್ಟು ತುಂಬಿಸಬೇಕಾದದ್ದನ್ನು ಮಳೆ ಎರಡೇ ತಿಂಗಳಲ್ಲಿ ತುಂಬಿಸಿಬಿಡುತ್ತಿತ್ತು. ನಾನು ಮಳೆಯ ನೀರನ್ನು ಟ್ಯಾಂಕರಿನಲ್ಲಿ ಹೊತ್ತು, ಆಗಲೇ ಮಳೆಯಲ್ಲಿ ತೊಯ್ದು ನಿಂತ ಹೊಲಕ್ಕೆ ಸುರಿಯಲು ಹೋಗಿ, ಟ್ರ್ಯಾಕ್ಟರನ್ನು ಕೆಸರಲ್ಲಿ ಹೂತುಕೊಂಡು ನಡೆದು ಮನೆಗೆ ಬರುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಅದೂ ಸಾಧ್ಯವಾಗದೆ ತೊಟ್ಟಿ ಉಕ್ಕಿತು. ಇಳಿಜಾರಿನ ಕೆಳಗೆ ಮಾವನವರ ಮನೆ, ಮನೆಯ ಮುಂದೆ ಅವರ ಎಲೆಕೋಸಿನ ಪಾತಿ. ಮಾವನವರು ಮೂವತ್ತೆಂಟು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಕೋಸುಗಳನ್ನೂ ಕೈಕಟ್ಟಿ ನಿಂತ ಮಕ್ಕಳ ಹಾಗೆ ಸಾಲು ತಪ್ಪದಂತೆ ಬೆಳೆಸಿದ್ದರು. ನೂರಾ ಹದಿನಾಲ್ಕು ಕೋಸುಗಳು ಒಂದು ಬೆಳಗ್ಗೆ ಕುತ್ತಿಗೆಯವರೆಗೆ ರಾಡಿಯಲ್ಲಿ ಮುಳುಗಿದ್ದವು. ಅಷ್ಟಕ್ಕೇ ಅವರು ಮಾತು ಬಿಡುತ್ತಿರಲಿಲ್ಲವೇನೋ. ಸಮಾಧಾನ ಮಾಡೋಣವೆಂದು ನಾನೇ ಬಾಯಿ ಹಾಕಿದೆ.

"ಯೋಚ್ನೆ ಮಾಡ್ಬೇಡಿ ಮಾವ, ಗೊಬ್ಬರ ತಾನೇ. ಬೇರೆಯವರು ಕೇಳಿ ಹಾಕಿಸ್ಕೋತಾರೆ, ನಿಮಗೆ ತಾನಾಗೇ ಮನೆಬಾಗಿಲಿಗೆ ಬಂತು."

ಮಾವನವರು ನನ್ನನ್ನು ನೋಡಿದರು. ಆಮೇಲೆ ನನ್ನ ಪಕ್ಕದಲ್ಲಿದ್ದ ಮಗಳ ಕಡೆ ತಿರುಗಿದರು. "ನಿನ್ನ ಯಜಮಾನ್ರಿಗೆ ಹೇಳಮ್ಮ, ಇನ್ಮೇಲೆ ನಾನು ಅವರ ಹತ್ರ ಮಾತಾಡೋದಿಲ್ಲ ಅಂತ."

ಅಂದಿನಿಂದ ನನ್ನ ಹೆಂಡತಿ ನಮ್ಮಿಬ್ಬರ ನಡುವಿನ ಅಂಚೆ ಕಚೇರಿಯಾದಳು. ಒಂದೇ ಮೇಜಿಗೆ ಊಟಕ್ಕೆ ಕುಳಿತರೂ, "ಉಪ್ಪು ಈ ಕಡೆ ಕೊಡೋಕೆ ಹೇಳಮ್ಮ" ಎನ್ನುತ್ತಿದ್ದರು. "ರೀ, ಅಪ್ಪನಿಗೆ ಉಪ್ಪಂತೆ" ಎನ್ನುತ್ತಿದ್ದಳು. ನಾನು ಕೊಡುತ್ತಿದ್ದೆ. "ಸಾಕು ಅಂತ ಹೇಳು" ಎನ್ನುತ್ತಿದ್ದರು.

ಮುಂದಿನ ಮಳೆಗಾಲಕ್ಕೆ ತಿಂಗಳಿದೆ ಎನ್ನುವಾಗ ನನಗೆ ಜ್ಞಾನೋದಯವಾಯಿತು. (ಹಾಲು ಕರೆಯುವಾಗ. ನನ್ನ ದೊಡ್ಡ ಯೋಚನೆಗಳೆಲ್ಲ ಹಸುವಿನ ಹೊಟ್ಟೆಗೆ ತಲೆ ಒರಗಿಸಿದಾಗಲೇ ಬರುವುದು.) ಕೈ ಕೂಡ ತೊಳೆಯದೆ ಅಡುಗೆಮನೆಗೆ ಓಡಿದೆ.

"ತೊಟ್ಟಿ ಬಾಯಿ ಮುಚ್ಚಿಸಿಬಿಡ್ತೀನಿ ಕಣೆ. ಟಾರ್ಪಾಲು. ಒಂದೇ ಒಂದು ಭಾರೀ ಟಾರ್ಪಾಲು."

"ಮುಚ್ಚಿಸಿ. ಬಾಯಿ ಮುಚ್ಚಿಸೋ ಕೆಲಸ ಹತ್ತು ತಿಂಗಳು ಮುಂಚೆ, ಬೇರೆ ಕಡೆಯಿಂದ ಶುರು ಮಾಡಿದ್ರೆ ನನಗೆ ಈ ಅಂಚೆ ಕೆಲಸ ಇರ್ತಿರಲಿಲ್ಲ."

ಆ ಉತ್ಸಾಹದಲ್ಲಿ ನನಗೆ ಅದು ಹೊಗಳಿಕೆಯಂತೆಯೇ ಕೇಳಿಸಿತು. ಅವತ್ತೇ ಅಳತೆ ತೆಗೆದೆ. ಮರುದಿನ ಲಾರಿಗಳಿಗೆ ಟಾರ್ಪಾಲು ಹೊಲಿಯುವವನ ಅಂಗಡಿಯಲ್ಲಿದ್ದೆ. ಅವನು ಸೂಜಿ ಕೈಯಲ್ಲಿ ಹಿಡಿದೇ ಕೇಳಿದ, "ಮಧ್ಯದಲ್ಲಿ ಎತ್ತರಕ್ಕೆ ಏನು ಕೊಡ್ತೀರಿ ಸ್ವಾಮಿ? ಗುಡಾರದ ಥರ ಇಳಿಜಾರು ಬೇಕಲ್ಲ. ಗಾಳಿ ಆಡೋಕೆ ಕಿಂಡಿಯೂ ಬೇಕು, ಒಳಗೆ ಕೆಟ್ಟ ಗಾಳಿ ತುಂಬ್ಕೊಳ್ಳುತ್ತೆ."

ಕಿಂಡಿಗೆ ಒಪ್ಪಿದೆ. ಇಳಿಜಾರಿಗೆ ಒಪ್ಪಲಿಲ್ಲ. "ಮದ್ದಳೆ ನೋಡಿದೀಯಾ? ಅಷ್ಟು ಬಿಗಿ ಎಳೆದು ಕಟ್ತೀನಿ. ಬಿದ್ದ ಹನಿ ಪುಟಿದು ಆಚೆ ಹೋಗ್ಬೇಕು."

ಅವನು ಸೂಜಿಗೆ ದಾರ ಪೋಣಿಸಿದ.

ಹೊದಿಕೆ ಕಟ್ಟಿದ ದಿನ ನಮ್ಮ ಹಿತ್ತಲಿಗೆ ಮದುವೆಯ ಕಳೆ ಬಂದಿತ್ತು. ಸುತ್ತಲೂ ಕಬ್ಬಿಣದ ಗೂಟ ಹೊಡೆದು, ಗೂಟಕ್ಕೊಂದು ಹಗ್ಗ ಬಿಗಿದು, ನೀಲಿ ಟಾರ್ಪಾಲನ್ನು ಸುಕ್ಕಿಲ್ಲದಂತೆ ಎಳೆದೆ. ಬೆರಳಿನಿಂದ ಹೊಡೆದರೆ ಢಂ ಎಂದಿತು. ನಾಲ್ಕು ಸಲ ಹೊಡೆದೆ. ಮಾವನವರು ಕೆಳಗಿನಿಂದ ಕೊಡೆ ಊರಿಕೊಂಡು ಬಂದು, ಒಂದು ಸುತ್ತು ಹಾಕಿ ಮಗಳನ್ನು ಕೇಳಿದರು.

"ಇಳಿಜಾರು ಎಷ್ಟು ಇಟ್ಟಿದಾರೆ ಕೇಳಮ್ಮ."

"ಇಳಿಜಾರು ಎಷ್ಟ್ರೀ?"

"ಸೊನ್ನೆ ಅಂತ ಹೇಳು. ಬಿಗಿ ಇದ್ರೆ ಇಳಿಜಾರು ಯಾಕೆ ಅಂತ ಹೇಳು."

"ಸೊನ್ನೆಯಂತೆ ಅಪ್ಪ."

"ಸೊನ್ನೆ" ಎಂದರು ಮಾವನವರು, ಉತ್ತರಪತ್ರಿಕೆಯ ಮೇಲೆ ಬರೆಯುವವರ ಧ್ವನಿಯಲ್ಲಿ. ಕೆಳಗಿಳಿದು ಹೋದರು.

ಮೊದಲ ಮಳೆ ಬಿದ್ದಾಗ ನಾನು ಕೊಡೆ ಹಿಡಿದು ತೊಟ್ಟಿಯ ಪಕ್ಕದಲ್ಲೇ ನಿಂತಿದ್ದೆ. ಹನಿ ಪುಟಿಯಿತೋ ಇಲ್ಲವೋ, ಒಳಗಂತೂ ಹೋಗಲಿಲ್ಲ. ನನ್ನ ಎದೆ ಉಬ್ಬಿತು. ಎರಡನೆಯ ದಿನವೂ ಮಳೆ. ಟಾರ್ಪಾಲಿನ ನಡುವೆ ಒಂದು ಪುಟ್ಟ ಕೆರೆ ಹುಟ್ಟಿತು.

"ನೀರು ಹರಿದು ಹೋಗ್ತಾ ಇಲ್ಲ ಕಣ್ರೀ, ಅಲ್ಲೇ ಕೂತ್ಕೊಂಡಿದೆ."

"ಕೂತ್ಕೊಳ್ಳಲಿ ಬಿಡು. ಒಳಗೆ ಹೋಯ್ತಾ? ಇಲ್ಲ ತಾನೇ?"

ಮೂರನೆಯ ದಿನ ಕೆರೆಗೆ ಕಪ್ಪೆಗಳು ಬಂದವು. ನಾಲ್ಕನೆಯ ದಿನ ಮಧ್ಯಾಹ್ನ ಮಳೆ ಸಣ್ಣಗಾದಾಗ ಹೋಗಿ ನೋಡಿದರೆ, ನನ್ನ ಮದ್ದಳೆ ತುಂಬು ಬಸುರಿಯ ಹೊಟ್ಟೆಯನ್ನು ತಲೆಕೆಳಗು ಮಾಡಿದ ಹಾಗೆ ಜೋತುಬಿದ್ದು, ರಾಡಿಯ ಮೇಲೆ ಕುಳಿತು, ಅದನ್ನು ಅದುಮುತ್ತಿತ್ತು. ಅದುಮಿದ ರಾಡಿ ಎಲ್ಲಿಗೆ ಹೋಗಬೇಕು? ಅಂಚುಗಳಲ್ಲಿ ಗುಳುಗುಳು ಎನ್ನುತ್ತ ಮೇಲೇರುತ್ತಿತ್ತು. ಕೆಳಮೂಲೆಯಲ್ಲಿ ತೊಟ್ಟಿಯ ತುಟಿಗೂ ರಾಡಿಗೂ ಒಂದು ಗೇಣು ಉಳಿದಿತ್ತು. ಆ ಮೂಲೆಯ ನೇರಕ್ಕೆ ಕೆಳಗೆ, ಈ ವರ್ಷದ ಕೋಸುಗಳು. ಸಾಲು ತಪ್ಪದೆ.

ನನ್ನ ಕೈಕಾಲು ಆಡಲಿಲ್ಲ. ಆಮೇಲೆ ಬೇಡವಾದಷ್ಟು ಆಡಿದವು. ಬಕೆಟ್ ತಂದು, ಅಂಚಿನ ಮೇಲೆ ಬಗ್ಗಿ, ನೀರು ಮೊಗೆಯತೊಡಗಿದೆ. "ರೀ, ಹಗ್ಗ ಕಟ್ಟಿಕೊಳ್ದೆ ಅಲ್ಲಿ ಬಗ್ಗಬೇಡಿ" ಎಂದು ಹೆಂಡತಿ ಕೂಗುವಷ್ಟರಲ್ಲಿ ಒಂದು ಗೂಟ ಕಿತ್ತುಬಂತು. ನಾನು ಬಕೆಟ್ಟಿನ ಸಮೇತ ಕೆರೆಗೆ ಬಿದ್ದೆ.

ಒಳಗೆ ಹೋಗಲಿಲ್ಲ. ಟಾರ್ಪಾಲು ಹಿಡಿದುಕೊಂಡಿತು. ಮೊಣಕಾಲೆತ್ತರದ ತಿಳಿನೀರಿನಲ್ಲಿ ನಾನು ಮುಖವನ್ನೂ ಕಾಲನ್ನೂ ಮೇಲೆತ್ತಿ ಅಂಗಾತ ಮಲಗಿದ್ದೆ, ಕೆಳಗೆ ಇಡೀ ತೊಟ್ಟಿ ತೊಟ್ಟಿಲಿನಂತೆ ತೂಗುತ್ತಿತ್ತು. ಏಳಲು ಹೋದೆ. ಕೆಳಮೂಲೆಯಲ್ಲಿ ರಾಡಿ ಗೊಳಕ್ ಎಂದು ಒಂದು ಬೊಗಸೆಯಷ್ಟು ಆಚೆ ಉಗುಳಿತು. ಹೆಂಡತಿ ಹಗ್ಗ ತರಲು ಓಡಿದಳು.

ಅದೇ ಹೊತ್ತಿಗೆ ಕೊಡೆ ಹಿಡಿದು ಮಾವನವರು ಬಂದರು. ನನ್ನನ್ನು ನೋಡಿದರು, ಮೂಲೆ ನೋಡಿದರು, ಕೋಸು ನೋಡಿದರು. ಏನೋ ಹೇಳಲು ಬಾಯಿ ತೆರೆದು ಮಗಳನ್ನು ಹುಡುಕಿದರು. ಮಗಳಿಲ್ಲ. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೊನೆಗೆ ಬೇಲಿಯಾಚೆ ಮೆಲುಕು ಹಾಕುತ್ತಿದ್ದ ನಮ್ಮ ಕಂದು ಹಸುವಿಗೆ ಹೇಳಿದರು, "ಅಲ್ಲಾಡಬಾರದು ಅಂತ ಹೇಳು."

ಹಸು ಹೇಳಲಿಲ್ಲ. ನಾನು ಇನ್ನೊಮ್ಮೆ ಅಲ್ಲಾಡಿದೆ, ಇನ್ನೊಂದು ಬೊಗಸೆ ಹೋಯಿತು.

"ಅಳಿಯಂದ್ರೇ, ಅಲ್ಲಾಡಬೇಡಿ" ಎಂದರು ಮಾವನವರು.

ಹನ್ನೊಂದು ತಿಂಗಳ ಮೇಲೆ ನೇರವಾಗಿ ನನಗೆ ಬಂದ ಮಾತು. "ಇಲ್ಲ ಮಾವ" ಎಂದೆ, ಆದಷ್ಟು ತುಟಿ ಅಲ್ಲಾಡಿಸದೆ.

ಹೆಂಡತಿ ತಂದ ಹಗ್ಗ ನನ್ನ ಸೊಂಟಕ್ಕೆ ಬಿತ್ತು, ಇನ್ನೊಂದು ತುದಿ ಟ್ರ್ಯಾಕ್ಟರಿಗೆ. ಇನ್ನೇನು ಎಳೆದುಬಿಡುತ್ತಾರೆ ಎಂದುಕೊಂಡೆ. ಮಾವನವರು ಕೈ ಅಡ್ಡ ಹಿಡಿದರು.

"ತಡಿಯಮ್ಮ. ಈಗ ಎಳೆದ್ರೆ ನೀರೆಲ್ಲ ಒಂದೇ ಸಲ ಕೆಳಮೂಲೆಗೆ ನುಗ್ಗುತ್ತೆ, ಕೋಸು ಹೋಗುತ್ತೆ. ಮೊದಲು ನೀರು ಇಳಿಸೋಣ. ಕೊಟ್ಟಿಗೆ ತೊಳೆಯೋ ಉದ್ದ ಪೈಪ್ ತಾ. ನಲ್ಲಿಗೆ ಹಿಡಿದು ಪೂರ್ತಿ ನೀರು ತುಂಬಿಸಿ, ಎರಡೂ ತುದಿ ಮಡಚಿ ತಾ."

ಪೈಪಿನ ಒಂದು ತುದಿ ನನ್ನ ಕೈಗೆ ಬಂತು, ಇನ್ನೊಂದು ಪಾತಿಯ ಪಕ್ಕದ ಕಾಲುವೆಗೆ ಇಳಿಯಿತು. ತುದಿಗಳನ್ನು ಬಿಟ್ಟೊಡನೆ ಕಾಲುವೆಯ ಕಡೆ ತಿಳಿನೀರು ಜೋರಾಗಿ ಹರಿಯತೊಡಗಿತು. ನಾನು ಮಲಗಿದಲ್ಲೇ ಕೂಗಿದೆ, "ಹರೀತಾ ಇದೆ ಮಾವ."

"ಹರಿಯುತ್ತೆ. ನೀರೆಲ್ಲ ನೀವಿರೋ ತಗ್ಗಿಗೇ ಬರ್ತಿದೆ, ನಿಮ್ಮ ತೂಕ ಇದೆಯಲ್ಲ. ನೀವು ಅಲ್ಲೇ ಇರಬೇಕು."

"ಎಷ್ಟು ಹೊತ್ತು?"

ಅವರು ಟಾರ್ಪಾಲಿನ ಉದ್ದ ನೋಡಿದರು, ಅಗಲ ನೋಡಿದರು, ಪೈಪಿನ ಬಾಯಿ ನೋಡಿದರು. "ಎರಡು ಗಂಟೆ ಹತ್ತು ನಿಮಿಷ."

ಎರಡು ಗಂಟೆ ಹತ್ತು ನಿಮಿಷ ನಾನು ಗುಂಡುಕಲ್ಲಿನ ಉದ್ಯೋಗ ಮಾಡಿದೆ. ಮಾವನವರು ಕುರ್ಚಿ ತರಿಸಿ ದಂಡೆಯ ಮೇಲೆ ಕುಳಿತು, ಹನ್ನೊಂದು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದನ್ನೆಲ್ಲ ಹೊರಗೆ ಬಿಟ್ಟರು. ಇಳಿಜಾರಿನಿಂದ ಶುರುವಾಗಿ, ನನ್ನ ಟ್ರ್ಯಾಕ್ಟರ್ ಹೊಡೆಯುವ ರೀತಿ, ಊಟಕ್ಕೆ ಕೂರುವ ರೀತಿ, ಮದುವೆಯ ದಿನ ನಾನು ತಡವಾಗಿ ಬಂದದ್ದು, ಎಲ್ಲ ಕ್ರಮವಾಗಿ ಬಂತು. ಎದ್ದು ಹೋಗುವ ಹಾಗಿರಲಿಲ್ಲ, ತಲೆಯಾಡಿಸುವ ಹಾಗೂ ಇರಲಿಲ್ಲ. ಹೆಂಡತಿ ಉದ್ದನೆಯ ಕೋಲಿಗೆ ಲೋಟ ಕಟ್ಟಿ ನನಗೆ ಚಹಾ ಕೊಟ್ಟಳು. ಅವಳ ಮುಖದಲ್ಲಿ ರಜೆ ಸಿಕ್ಕ ಪೋಸ್ಟ್‌ಮ್ಯಾನ್‌ನ ಸುಖವಿತ್ತು.

ಸರಿಯಾಗಿ ಎರಡು ಗಂಟೆ ಹತ್ತು ನಿಮಿಷಕ್ಕೆ ಪೈಪು ಗಾಳಿ ಎಳೆಯಿತು. ನನ್ನನ್ನು ಮೇಲೆಳೆದರು. ಒಂದು ಕೋಸಿಗೂ ರಾಡಿ ತಾಗಿರಲಿಲ್ಲ.

ಮರುವಾರ ಮಾವನವರೇ ನಕ್ಷೆ ಬರೆದರು. ತೊಟ್ಟಿಯ ಉದ್ದಕ್ಕೂ ನಡುವೆ ಎತ್ತರದ ಕಬ್ಬಿಣದ ತೊಲೆ, ಎರಡೂ ಕಡೆ ಇಳಿಜಾರು, ಅಂಚಿಗೆ ಮಳೆನೀರು ಹಿಡಿಯುವ ತಗಡಿನ ದೋಣಿ, ದೋಣಿಯ ನೀರು ಪೈಪಿನಲ್ಲಿ ನೇರ ಡ್ರಮ್ಮುಗಳಿಗೆ. ಟಾರ್ಪಾಲು ಹೊಲಿಯುವವನು ನನ್ನ ಮುಖ ನೋಡದೆ ಸೌಜನ್ಯದಿಂದ ಹೊಲಿದುಕೊಟ್ಟ. ಆ ಮಳೆಗಾಲ ಮುಗಿದರೂ ತೊಟ್ಟಿ ಉಕ್ಕಲಿಲ್ಲ. ಡ್ರಮ್ಮಿನ ನೀರಿನಲ್ಲೇ ಕೊಟ್ಟಿಗೆ ತೊಳೆದೆವು. ಟ್ರ್ಯಾಕ್ಟರ್ ಒಮ್ಮೆಯೂ ಹೂತುಕೊಳ್ಳಲಿಲ್ಲ.

ಸುದ್ದಿ ಹಬ್ಬಿತು. ಪಶುವೈದ್ಯರು ಸುತ್ತಲಿನ ಎಂಟು ಹತ್ತು ಹೈನುಗಾರರನ್ನು ಕರೆದುಕೊಂಡು ನೋಡಲು ಬಂದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೂದಲು ಬಾಚಿ, ತೊಟ್ಟಿಯ ಪಕ್ಕ ನಿಂತು, ಹೇಳಬೇಕಾದ ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡಿದ್ದೆ. ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಾವನವರು ಕೊಡೆಯನ್ನು ಬೆತ್ತದಂತೆ ಹಿಡಿದು ಮುಂದೆ ಬಂದರು. ಇಳಿಜಾರು ವಿವರಿಸಿದರು, ದೋಣಿ ವಿವರಿಸಿದರು. ಎಲ್ಲರೂ ತಲೆದೂಗಿದರು.

"ಇಳಿಜಾರು ಇಲ್ಲದೇ ಇದ್ರೆ ಏನಾಗುತ್ತೆ ಮೇಷ್ಟ್ರೇ?" ಎಂದು ಹಿಂದಿನ ಸಾಲಿನಿಂದ ಒಬ್ಬ ಕೇಳಿದ.

ಮಾವನವರ ಮುಖ ಅರಳಿತು. ಎಷ್ಟೋ ವರ್ಷಗಳ ಮೇಲೆ ಅವರಿಗೆ ಒಂದು ಒಳ್ಳೆಯ ಪ್ರಶ್ನೆ ಸಿಕ್ಕಿತ್ತು. ತುಂಬು ಪ್ರೀತಿಯಿಂದ ನನ್ನ ಕಡೆ ತಿರುಗಿದರು.

"ಅಳಿಯಂದ್ರೇ, ಇವರಿಗೆ ಒಂದ್ಸಲ ಇಲ್ಲೇ ಹುಲ್ಲಿನ ಮೇಲೆ ಮಲಗಿ ತೋರಿಸ್ತೀರಾ?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಆಗಲೇ ಬಕೆಟ್ ತರಲು ಹೋಗಿದ್ದಳು. ಇಸ್ತ್ರಿ ಅಂಗಿಯ ಕೊನೆಯ ಗುಂಡಿ ಹಾಕಿಕೊಂಡು ಮಲಗಿದೆ.

"ಕಾಲು ಇನ್ನೂ ಸ್ವಲ್ಪ ಮೇಲಿತ್ತು" ಎಂದರು ಮಾವನವರು.