ಚೌಕಾಸಿಯ ಕಿವಿ

ವ್ಯಾಪಾರಕ್ಕೆ ಹೊರಟವರಿಗೆಲ್ಲ ನನ್ನದೊಂದು ಉಪದೇಶವಿದೆ: ಎರಡು ತುದಿ ಬಿಟ್ಟು ನಡುವೆ ನಿಲ್ಲಿ. ಅಂಗಡಿಯವನು ಆಕಾಶ ತೋರಿಸಲಿ, ನೀವು ಪಾತಾಳ ತೋರಿಸಿ. ಕೊನೆಗೆ ಭೂಮಿಯ ಮೇಲೆ ಕೈ ಕುಲುಕಿ. ಮುಂಬಯಿಯ ಘಾಟ್ಕೋಪರಿನ ಚಾಳಿಗೆ ಬರಿಗೈಯಲ್ಲಿ ಬಂದ ನಾನು ಫ್ಯಾನು, ಫ್ರಿಜ್ಜು, ಹೊಲಿಗೆಯಂತ್ರ ಸಂಪಾದಿಸಿದ್ದು ಈ ಸೂತ್ರದಿಂದಲೇ. ಅಮ್ಮನಿಗೆ ಕಿವಿ ಸಂಪಾದಿಸಲು ಹೊರಟಿದ್ದೂ ಇದನ್ನೇ ನಂಬಿ!

ಅಮ್ಮ ಕುಂದಾಪುರದಿಂದ ಬಂದದ್ದು ಒಂದೇ ಆಸೆಗೆ: ಮೂರು ವರ್ಷದ ಮೊಮ್ಮಗಳು ಚಿನ್ನಿಯ ಮಾತು ಕೇಳಬೇಕು. ಆದರೆ ಅಮ್ಮನ ಕಿವಿಗೆ ಗುಡುಗೂ ಪಿಸುಮಾತು. ಪರೇಲಿನ ಕಿವಿ ಡಾಕ್ಟರು ಹೊಸ ಬಗೆಯ ಯಂತ್ರ ಬರೆದುಕೊಟ್ಟರು. ಕಿವಿಯ ಹಿಂದೆ ಗೋಡಂಬಿಯಂತೆ ಕೂರುವಂಥದ್ದು. ನಾನು ನೇರವಾಗಿ ಹಳೆ ಸಾಮಾನಿನ ಬಜಾರಿಗೆ ಹೋದೆ.

ಅಲ್ಲೂ ಅಂಥದೊಂದಿತ್ತು. "ಇದರ ಮಾಲಿಕ?" ಎಂದೆ. ಅಂಗಡಿಯವನು ಬೆರಳನ್ನು ಆಕಾಶಕ್ಕೆ ತೋರಿಸಿದ.

"ಸತ್ತವನ ಕಿವಿಗೆ ಇಷ್ಟು ರೇಟೇ?" ಎಂದು ಜಗ್ಗಿದೆ. ಅವನು ಡಬ್ಬಿ ತೆಗೆದಿಟ್ಟ, ಬೆಲೆ ಇಳಿಯಿತು. ಬಳಸುವ ವಿಧಾನದ ಪುಸ್ತಕವನ್ನೂ ತೆಗೆದಿಟ್ಟ, ಇನ್ನೂ ಇಳಿಯಿತು. ಪುಸ್ತಕ ಓದಿ ಯಾರಿಗೆ ಕಿವಿ ಕೇಳಿಸಿದೆ?

ಯಂತ್ರದ ಬೆನ್ನಲ್ಲಿ ಮೂರು ಕಡೆ ನಿಲ್ಲುವ ಪುಟ್ಟ ಗುಂಡಿ. ಒಂದು ತುದಿಗೆ ತಳ್ಳಿದರೆ ಪೂರಾ ಬಂದ್. ಇನ್ನೊಂದು ತುದಿಗೆ ತಳ್ಳಿದರೆ ಕೀಂಯ್ ಎಂದು ಕಿರುಚಿತು. ನಾನು ಸೂತ್ರದ ಪ್ರಕಾರ ನಡುವೆ ನಿಲ್ಲಿಸಿ, ಅಲುಗದಂತೆ ಮೇಲೊಂದು ಪ್ಲಾಸ್ಟರ್ ಅಂಟಿಸಿದೆ.

"ಅಮ್ಮಾ, ಕೇಳ್ತದಾ?"

ಅಮ್ಮ ನನ್ನ ಬಾಯಿಯನ್ನೇ ನೋಡಿದಳು. "ಜೇನುಹುಳ ಗುಂಯ್ ಅಂತದೆ ಮಾರಾಯ."

ಟ್ಯೂಬ್‌ಲೈಟ್ ಆರಿಸಿದೆ. ಗುಂಯ್ ನಿಂತಿತಂತೆ! ದೀಪ ಉರಿಯುವುದು ಕೇಳುತ್ತದೆ, ಮಗನ ಕೂಗು ಕೇಳುವುದಿಲ್ಲ. ಆದರೂ "ಅಭ್ಯಾಸ ಆಗಬೇಕು" ಎಂದು ಉಪದೇಶಿಸಿದೆ.

ಮರುದಿನ ಮಧ್ಯಾಹ್ನ, ಹಲಗೆ ಗೋಡೆಗೆ ತಲೆಯಿಟ್ಟು ಮಲಗಿದ್ದ ಅಮ್ಮ ಸರಕ್ಕನೆ ಎದ್ದು ಕುಳಿತಳು. ಗೋಡೆಯತ್ತ ತಿರುಗಿ, "ಬಂದೆ" ಎಂದಳು.

ಅಲ್ಲಿ ಯಾರೂ ಇರಲಿಲ್ಲ.

"ನಿನ್ನ ಅಪ್ಪ ಕರೆದರು. ಎಲೆ ಹಾಕಿ ಆಯ್ತು, ಬಾ ಅಂದರು. ಇರುವಾಗ ಒಂದು ದಿನ ಎಲೆ ಹಾಕಿ ಕರೆದವರಲ್ಲ. ಹೋದ ಮೇಲೆ ಬುದ್ಧಿ ಬಂದಿದೆ."

ಮರುದಿನವೂ ಅದೇ ಹೊತ್ತಿಗೆ ಅದೇ ಕರೆ. ಅಮ್ಮ ಕೊರಳಿನ ಸರ ಬಿಚ್ಚಿ ಚಿನ್ನಿಗೆ ಹಾಕಿದಳು. "ನನ್ನ ಊಟ ಇನ್ನು ಅಲ್ಲೇ" ಎಂದು ತಟ್ಟೆ ಸರಿಸಿದಳು. ಎರಡು ದಿನ ಕಳೆಯುವಷ್ಟರಲ್ಲಿ ಎದ್ದರೆ ತಲೆ ತಿರುಗತೊಡಗಿತು.

ನನ್ನ ಹೆಂಡತಿ ಶಾರದೆ ಸಿಡಿದಳು: "ಸತ್ತವರ ಸೊತ್ತು ತಂದು ಅತ್ತೆಯ ಕಿವಿಗೆ ಸಿಕ್ಕಿಸಿದ್ರಲ್ಲ! ಇನ್ನು ಅತ್ತೆಯನ್ನೂ ಕಳಿಸಿ ಕೊಡಿ."

"ಮೂಢನಂಬಿಕೆ!" ಎಂದು ಘೋಷಿಸಿ, ಸರಿಯಾಗಿ ಆ ಹೊತ್ತಿಗೆ ಅಮ್ಮನ ಜಾಗದಲ್ಲಿ ಮಲಗಿ ಯಂತ್ರವನ್ನು ನನ್ನ ಕಿವಿಗೇ ಸಿಕ್ಕಿಸಿಕೊಂಡೆ. ಆ ಕಿವಿಯಲ್ಲಿ ಚಾಳಿನ ಗಲಾಟೆಯೆಲ್ಲ ಮುಳುಗಿಹೋಯಿತು. ಹಾಳುಬಾವಿಯ ಮೌನ. ಆಮೇಲೆ ಯಾರೋ ಉಸಿರಾಡಿದರು. ನನ್ನ ತಲೆಯ ಒಳಗೇ!

"ತಡ ಮಾಡಬೇಡ. ಎಲೆ ಹಾಕಿ ಆಯ್ತು. ನಿನಗೇ ಕಾಯೋದು."

ನಾನು ಧೈರ್ಯವಾಗಿ ಮಂಚದ ಕೆಳಗೆ ಸೇರಿದೆ.

ಶಾರದೆ ನಮ್ಮನ್ನೆಲ್ಲ ಪರೇಲಿಗೆ ಎಳೆದುಕೊಂಡು ಹೋದಳು. ಧಾರವಾಡದ ಆ ಡಾಕ್ಟರು ಪ್ಲಾಸ್ಟರನ್ನು ಬಹಳ ಹೊತ್ತು ನೋಡಿದರು.

"ನಡುವ ಇಟ್ಟೀರಲ್ರೀ! ಅದು ಬರೇ ಟೆಲಿಫೋನಿಗೆ. ಅಲ್ಲಿಟ್ರ ಮೈಕ್ ಬಂದ್. ಒಳಗಿನ ತಂತಿ ಸುರುಳಿ ಫೋನಿನ ಮಾತಷ್ಟ ಹಿಡೀತದ, ಇಲ್ಲಾ ಟ್ಯೂಬ್‌ಲೈಟಿನ ಗುಂಯ್. ನಿಮ್ಮ ಗ್ವಾಡಿ ಆಚೆ ಫೋನ್ ಅದ ಏನು?"

ಇತ್ತು. ಪಕ್ಕದ ಮನೆಯ ಪದ್ಮಕ್ಕನ ಫೋನು ಅಮ್ಮನ ತಲೆಯ ನೇರಕ್ಕೆ, ಹಲಗೆಯ ಆಚೆ ಬದಿಯಲ್ಲಿ ನೇತಾಡುತ್ತಿತ್ತು. ಅವಳ ಗಂಡ ಸ್ಟೇಷನ್ ಬಳಿಯ ತನ್ನ ಹೋಟೆಲಿನಿಂದ ದಿನಾ ಮಧ್ಯಾಹ್ನ ಅವಳನ್ನು ಊಟಕ್ಕೆ ಕರೆಯುತ್ತಾನೆ. ಮೊಳೆಯನ್ನು ಗೋಡೆಯ ನಟ್ಟನಡುವೆ ಹೊಡೆಯಿರಿ ಎಂದು ಅವರಿಗೆ ಉಪದೇಶಿಸಿದವನು ನಾನೇ!

ಡಾಕ್ಟರು ಪ್ಲಾಸ್ಟರ್ ಕಿತ್ತು, ಗುಂಡಿಯನ್ನು ಆ ಕಿರುಚುವ ತುದಿಗೆ ತಳ್ಳಿ, ಯಂತ್ರವನ್ನು ಅಮ್ಮನ ಕಿವಿಗೆ ಭದ್ರವಾಗಿ ಕೂರಿಸಿದರು. ಅದು ಕಿರುಚಲಿಲ್ಲ. ಕಿರುಚಿದವಳು ಚಿನ್ನಿ, ಚಾಳಿನ ಮಕ್ಕಳ ಹಿಂದಿಯಲ್ಲಿ: "ಅಜ್ಜೀ, ಪಪ್ಪಾಕೋ ಕುಛ್ ನಹೀಂ ಆತಾ!"

ಪಪ್ಪನಿಗೆ ಏನೂ ಬರುವುದಿಲ್ಲವಂತೆ! ಅಮ್ಮನಿಗೆ ಹಿಂದಿ ತಿಳಿಯದು, ಆದರೂ ಕಣ್ಣು ತುಂಬಿತು. "ಎಷ್ಟು ಚಂದದ ಸ್ವರ!"

"ಕರೆದದ್ದು ಪದ್ಮಕ್ಕನ ಗಂಡ, ಅತ್ತೆ" ಎಂದಳು ಶಾರದೆ.

"ಅದನ್ನೇ ನಾನು ಹೇಳಿದ್ದು, ನಿನ್ನ ಮಾವ ಎಲೆ ಹಾಕುವವರಲ್ಲ ಅಂತ." ಅಮ್ಮ ಡಾಕ್ಟರ ಬಿಸ್ಕತ್ತಿಗೆ ಕೈ ಹಾಕಿದಳು. "ಅದಿರಲಿ ಮಗಾ, ಚಿನ್ನಿ ಈಗ ಎಂತ ಹೇಳಿದ್ದು?"

"ಅಪ್ಪ ತುಂಬಾ ಜಾಣ ಅಂತ" ಎಂದೆ.

ಅಮ್ಮ ಯಂತ್ರವನ್ನು ಕಿವಿಯಿಂದ ಬಿಚ್ಚಿ ಡಾಕ್ಟರ ಮುಂದಿಟ್ಟಳು.

"ಡಾಕ್ಟ್ರೇ, ಇದು ಇನ್ನೂ ರಿಪೇರಿಯಾಗಲಿಲ್ಲ."