ಕುಂಕುಮ ಹಚ್ಚಿದ ರ‍್ಯಾಮ್

ಅಡುಗೆ ಭಟ್ಟರ ಸೌಟಿಗೆ ಯಾರೂ ಕೈ ಹಾಕುವುದಿಲ್ಲ. ಕಂಪ್ಯೂಟರ್ ರಿಪೇರಿ ಬಲ್ಲವನಿಗೆ ಮಾತ್ರ ಎಲ್ಲರೂ ಪಾಠ ಹೇಳುತ್ತಾರೆ. ಮಲೇಷ್ಯಾದ ಸುಬಾಂಗ್ ಜಯಾದ ನಮ್ಮ ಕನ್ನಡ ಬಳಗದಲ್ಲಿ ಇದು ತಪ್ಪಿದ ವರ್ಷವೇ ಇಲ್ಲ. ಈ ಸಲದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ.

೧. ದಾನ

ರಾಜ್ಯೋತ್ಸವದ ಹಾಡುಗಳಿಗೆ ಸಂಗೀತದ ಟ್ರ್ಯಾಕ್ ಬರುವುದು ಬಳಗದ ಹಳೆಯ ಕಂಪ್ಯೂಟರಿನಿಂದ. ಕಳೆದ ವರ್ಷ ನನ್ನ ಹೆಂಡತಿ ಹಾಡುವಾಗ ಅದು ನಡುವೆಯೇ ನಿಂತು, ಅವಳು ವೇದಿಕೆಯ ಮೇಲೆ ಬಾಯಿ ತೆರೆದುಕೊಂಡೇ ಉಳಿದಿದ್ದಳು. "ಈ ಸಲವೂ ನಿಂತರೆ ನಾನು ಹಾಡೋದೇ ಬಿಡ್ತೀನಿ" ಎಂದಿದ್ದಳು. ಹಾಗಾಗಿ ನಾನೇ ವೇಗದ ಹೊಸ ರ‍್ಯಾಮ್ ತಂದು ಹಾಕಿದೆ.

ಮರುವಾರವೇ ಬಳಗದ ಹಿರಿಯರೊಬ್ಬರು ತಮ್ಮ ಮನೆಯ ಹಳೆಯ ಕಂಪ್ಯೂಟರಿನಿಂದ ಕಿತ್ತ ರ‍್ಯಾಮ್ ಒಂದನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ತಂದರು. ದೇವಸ್ಥಾನದ ಫ್ಯಾನಿಗೆ ಇರುವಂತೆ ಅದಕ್ಕೂ ದಾನಿಗಳ ಹೆಸರಿನ ಚೀಟಿ. ಚಿನ್ನದ ಬಣ್ಣದ ಹಲ್ಲುಗಳಿಗೆ ಅರಿಶಿನ, ಕುಂಕುಮ. ನಾನು ಪೆನ್ಸಿಲ್ ರಬ್ಬರ್ ಹಿಡಿದು ಕುಂಕುಮ ಉಜ್ಜಿ ತೆಗೆಯುತ್ತ ಕೂತೆ.

"ನೋಡಿ, ಪಾಲಿಶ್ ಬೇರೆ ಮಾಡ್ತಿದಾರೆ!" ಎಂದು ಹಿರಿಯರು ಎಲ್ಲರಿಗೂ ತೋರಿಸಿದರು.

೨. ಹದ

ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಟೀ ಕುಡಿಯುತ್ತ ಹಿರಿಯರಿಗೆ ಬಿಡಿಸಿ ಹೇಳಿದೆ: "ಸರ್, ನಿಮ್ಮದು ನಿಧಾನದ್ದು. ಜೊತೆಗೆ ಹಾಕಿದರೆ ಹೊಸದೂ ಅದರ ವೇಗಕ್ಕೇ ಇಳಿಯುತ್ತೆ. ಎರಡೂ ಹೊಂದದೆ ಕಂಪ್ಯೂಟರ್ ನಿಂತರೂ ನಿಲ್ಲಬಹುದು."

"ಅದ್ಹೇಗ್ರೀ? ಸುಡೋ ನೀರಿಗೆ ತಣ್ಣೀರು ಬೆರೆಸಿದ್ರೆ ಹದ ಬರಲ್ವಾ?"

"ಇದು ಸ್ನಾನದ ನೀರಲ್ಲ, ಸರ್."

ಜೊತೆಗಿದ್ದ ಬಳಗದ ಅಧ್ಯಕ್ಷರು ನನ್ನ ಮೊಣಕೈ ಒತ್ತಿ ಪಿಸುಗುಟ್ಟಿದರು: "ಹಾಕಿಬಿಡಿ ಮಾರಾಯ್ರೆ. ಕಾರ್ಯಕ್ರಮಕ್ಕೆ ಹಾಲ್ ಕೊಡಿಸುವುದು ಅವರೇ ಅಲ್ವಾ."

ಹಿರಿಯರು ತೀರ್ಪು ಕೊಟ್ಟರು: "ನಿಮ್ಮ ಹೊಸದು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಲಿ."

ಕಂಪ್ಯೂಟರ್ ಏನು, ಮನೆಗೆ ಬಂದ ಹೊಸ ಸೊಸೆಯೇ?

೩. ಶ್ರುತಿ

ಹಾಕಿದೆ. ರಿಹರ್ಸಲ್ಲಿನಲ್ಲಿ ಹೆಂಡತಿ ಚರಣಕ್ಕೆ ಬರುತ್ತಿದ್ದಂತೆ ಟ್ರ್ಯಾಕ್ ಗಕ್ಕನೆ ನಿಂತಿತು. ಅವಳು ನನ್ನನ್ನು ನೋಡಿದಳು. ನಾನು ಹಿರಿಯರನ್ನು ನೋಡಿದೆ.

"ಶ್ರುತಿ ತಪ್ಪಿತಮ್ಮ, ಅದಕ್ಕೇ ನಿಂತಿದ್ದು" ಎಂದರು ಅವರು.

ಮನೆಯ ಲಿಫ್ಟಿನಲ್ಲಿ ಹೆಂಡತಿ ಕೇಳಿದಳು: "ನಿಮಗೆ ನಾನು ಮುಖ್ಯವೋ, ಅವರ ಚೀಟಿಯೋ?"

ಕಾರಿನ ಹಿಂದಿನ ಸೀಟಿನಿಂದ ಇಳಿದು ಬಂದಿದ್ದ ಮಗಳು ಫೋನಿನಿಂದ ಕಣ್ಣೆತ್ತದೆ, ಇಲ್ಲಿನವರ ಧಾಟಿಯಲ್ಲೇ, "ಆನ್ಸರ್ ಹರ್ ಲಾ, ಅಪ್ಪ" ಎಂದಳು.

೪. ಸನ್ಮಾನ

ಕಾರ್ಯಕ್ರಮದ ದಿನ ಎಲ್ಲರಿಗಿಂತ ಮೊದಲೇ ಹೋಗಿ, ಕಂಪ್ಯೂಟರಿನಿಂದ ಆ ದಾನವನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ.

ಹೆಂಡತಿ ಹಾಡಿದಳು. ಪಲ್ಲವಿ, ಚರಣ, ಮತ್ತೆ ಪಲ್ಲವಿ. ಟ್ರ್ಯಾಕ್ ಎಲ್ಲೂ ತಡವರಿಸಲಿಲ್ಲ. ಕೊನೆಯ ಸ್ವರ ಮುಗಿದಾಗ ಅವಳ ಮುಖ ನೋಡಿ ನನಗೆ ಸಿಟ್ಟೆಲ್ಲ ಇಳಿದಿತ್ತು. ಅಷ್ಟರಲ್ಲಿ ಅಧ್ಯಕ್ಷರು ಮೈಕ್ ಹಿಡಿದರು.

"ಇಂದು ಸಂಗೀತ ಇಷ್ಟು ಸರಾಗವಾಗಿ ಹರಿಯಲು ಕಾರಣ ನಮ್ಮ ಹಿರಿಯರು ಕೊಟ್ಟ ರ‍್ಯಾಮ್! ಅವರಿಗೆ ಸನ್ಮಾನ!"

ಶಾಲು ಹೊದಿಸಲು ಕರೆದದ್ದು ನನ್ನನ್ನೇ. ಹೊದಿಸಿದೆ. ಹಿರಿಯರು ಉಬ್ಬಿಹೋಗಿ ನನ್ನನ್ನು ಎದೆಗೆ ಅಪ್ಪಿಕೊಂಡವರು ಗಕ್ಕನೆ ಹಿಂದೆ ಸರಿದರು.

"ಜೇಬಲ್ಲಿ ಏನ್ರೀ ಅದು, ಹಲ್ಲುಹಲ್ಲಾಗಿ ಚುಚ್ಚುತ್ತೆ?"

"ಬಾಚಣಿಗೆ, ಸರ್."

ಅವರು ನನ್ನ ಬೋಳು ತಲೆಯನ್ನೊಮ್ಮೆ ದಿಟ್ಟಿಸಿ, ಬೆನ್ನು ತಟ್ಟಿ ಹೇಳಿದರು: "ಇರಲಿ, ಆಸೆ ಬಿಡಬಾರದು."